ಕುಟುಕಿದ ಜಾಗಕ್ಕೆ ಕಾವು: ಬರೆಯಾಗದಂತೆ ಬಿಸಿ ಮುಟ್ಟಿಸುವ ಕ್ರಮ

ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ, ಕಾದ ಕೂಡಲೇ ಪಕ್ಕದವನ ತೋಳಿಗೆ ಮುಟ್ಟಿಸಿ ಓಡುವ ಆಟ ಆಡದ ಮಕ್ಕಳು ನಮ್ಮ ಶಾಲೆಯಲ್ಲಿ ಇರಲಿಲ್ಲ. ಗಜ್ಜುಗ ಸಿಕ್ಕಿದರೆ ಇನ್ನೂ ಚುರುಕು. ಇದೇ ಬೀಜ ಅಜ್ಜಿಯ ಕೈಯಲ್ಲಿ ಔಷಧಿಯಾಗುತ್ತಿತ್ತು. ಕಣಜ ಕುಟುಕಿತೆಂದು ಅಳುತ್ತ ಬಂದರೆ ಅವಳು ಜಗಲಿಯ ಕಲ್ಲಿಗೆ ನಾಲ್ಕು ಸಲ ಬೀಜ ಉಜ್ಜಿ, ಚುಚ್ಚಿದ ಜಾಗಕ್ಕೆ ಒತ್ತಿ ಹಿಡಿಯುತ್ತಿದ್ದಳು. ಮೊದಲು ಚುರ್ ಎನ್ನುತ್ತಿತ್ತು, ಆಮೇಲೆ ಉರಿ ಇಳಿಯುತ್ತಿತ್ತು. ಬೀಜ ವಿಷವನ್ನು ಹೀರಿಕೊಳ್ಳುತ್ತದೆ ಎಂದು ಅವಳ ನಂಬಿಕೆ. ಬೀಜ ಏನನ್ನೂ ಹೀರುವುದಿಲ್ಲ. ಆದರೆ ಉರಿ ಇಳಿಯುತ್ತಿದ್ದುದು ಸುಳ್ಳಲ್ಲ. ಕೆಲಸ ಮಾಡುತ್ತಿದ್ದುದು ಬೀಜವಲ್ಲ, ಬೀಜದ ಬಿಸಿ.

ಅಜ್ಜಿಯ ಆ ಬೀಜ ಈಗ ಜರ್ಮನಿಯ ಔಷಧಿ ಅಂಗಡಿಗಳಲ್ಲಿ ಪೆನ್ನಿನ ರೂಪದಲ್ಲಿ ಸಿಗುತ್ತದೆ. ತುದಿಯಲ್ಲೊಂದು ಪುಟ್ಟ ಬಿಲ್ಲೆ, ಗುಂಡಿ ಒತ್ತಿದರೆ ಸುಮಾರು 51 ಡಿಗ್ರಿ ಸೆಲ್ಸಿಯಸ್‌ಗೆ ಕಾದು, ಕೆಲವೇ ಸೆಕೆಂಡುಗಳಲ್ಲಿ ತಾನಾಗಿಯೇ ಆರುತ್ತದೆ. ಮೊಬೈಲಿನ ಚಾರ್ಜಿಂಗ್ ಕಿಂಡಿಗೆ ಸಿಕ್ಕಿಸುವ ಬೆರಳುಗಾತ್ರದವೂ ಬಂದಿವೆ. ಅಂಥ ಒಂದು ಸಾಧನವನ್ನು ಬಳಸಿದವರ 12,000ಕ್ಕೂ ಹೆಚ್ಚು ಕಡಿತಗಳ ವಿವರವನ್ನು ಸಂಗ್ರಹಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಸಿ ಮುಟ್ಟಿಸಿದ ಮೊದಲ ನಿಮಿಷದಲ್ಲೇ ತುರಿಕೆ ಅರ್ಧಕ್ಕಿಂತ ಹೆಚ್ಚು ಇಳಿದದ್ದು ಕಂಡುಬಂದಿತ್ತು. ಅದರಲ್ಲಿ ಹೆಚ್ಚಿನವು ಸೊಳ್ಳೆ ಕಡಿತಗಳು, ಅಂಕಗಳನ್ನು ಕೊಟ್ಟವರು ಬಳಕೆದಾರರೇ ಎಂಬುದನ್ನೂ ನೆನಪಿಟ್ಟುಕೊಳ್ಳಬೇಕು.

ನನ್ನ ಹಿತ್ತಿಲಲ್ಲಿ ನಾಲ್ಕು ತುಡುವೆ ಜೇನಿನ ಪೆಟ್ಟಿಗೆಗಳಿವೆ. ಹಾಗಾಗಿ ಪ್ರಯೋಗಕ್ಕೆ ಕಡಿತಗಳ ಕೊರತೆ ನನಗಿಲ್ಲ. ಪೆನ್ನು ಕೊಳ್ಳದೆ, ಅಡುಗೆಮನೆಯ ಸ್ಟೀಲ್ ಲೋಟದಿಂದಲೇ ಈ ಕೆಲಸ ಮಾಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾವು ಕೊಡುವುದಕ್ಕೂ ಬರೆ ಎಳೆಯುವುದಕ್ಕೂ ನಡುವೆ ಇರುವುದು ಏಳೆಂಟು ಡಿಗ್ರಿ ಮತ್ತು ಹತ್ತಿಪ್ಪತ್ತು ಸೆಕೆಂಡು ಮಾತ್ರ. ಈ ಬರಹವೆಲ್ಲ ಆ ಅಂತರವನ್ನು ಕಾಯುವ ಬಗ್ಗೆಯೇ.

ಬಿಸಿ ಮಾಡುವ ಕೆಲಸ

ಚರ್ಮದ ನರಗಳ ತುದಿಯಲ್ಲಿ ಸುಮಾರು 43 ಡಿಗ್ರಿ ದಾಟಿದಾಗ ತೆರೆದುಕೊಳ್ಳುವ ಒಂದು ಬಾಗಿಲಿದೆ. ಮೆಣಸಿನಕಾಯಿಯ ಖಾರ ತಟ್ಟುವುದೂ ಇದೇ ಬಾಗಿಲನ್ನು. ಖಾರ ತಿಂದಾಗ ನಾಲಿಗೆ 'ಸುಡುತ್ತದೆ' ಎನ್ನುವುದು ಬರೀ ಮಾತಿನ ಅಲಂಕಾರವಲ್ಲ. (ಬಣ್ಣಕ್ಕೆ ಹೆಸರಾದ ಬ್ಯಾಡಗಿ ಮೆಲ್ಲಗೆ ತಟ್ಟುತ್ತದೆ, ಗುಂಟೂರು ಒದ್ದೇ ತೆರೆಯುತ್ತದೆ.) 1997ರಲ್ಲಿ ಇದನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಚುರುಕಾದ ಬಿಸಿ ಮುಟ್ಟಿದಾಗ ಈ ನರಗಳು ಒಮ್ಮೆಲೇ ಕೂಗು ಹಾಕುತ್ತವೆ. ಆ ಕೂಗಿನಲ್ಲಿ ತುರಿಕೆಯ ಸುದ್ದಿ ಮಿದುಳಿಗೆ ಸರಿಯಾಗಿ ತಲುಪುವುದಿಲ್ಲ. ತುರಿಸುವ ಜಾಗಕ್ಕೆ ಉಗುರು ಒತ್ತಿ 'ಗುಣಿಸು' ಚಿಹ್ನೆ ಬರೆಯುತ್ತೇವಲ್ಲ, ಅದೂ ಇದೇ ಜಾತಿಯ ಉಪಾಯ.

ಇಲ್ಲೊಂದು ಸೂಕ್ಷ್ಮವಿದೆ. ಬೆಚ್ಚಗಿನ ಶಾಖ ತುರಿಕೆಯನ್ನು ಕೆರಳಿಸುತ್ತದೆ. ಸೊಳ್ಳೆ ಕಚ್ಚಿದ ಕಾಲನ್ನು ಕಂಬಳಿಯೊಳಗೆ ಹುದುಗಿಸಿಕೊಂಡವರಿಗೆ ಇದು ಗೊತ್ತು. ಆದ್ದರಿಂದ ಬಿಸಿನೀರಿನ ಚೀಲವನ್ನು ಅರ್ಧ ಗಂಟೆ ಇಟ್ಟುಕೊಂಡು ಕೂರುವುದು ಇಲ್ಲಿ ಕೆಲಸಕ್ಕೆ ಬಾರದು. ಬೇಕಾದದ್ದು ಚುರುಕಾದ, ಚುಟುಕಾದ, ಚಿಕ್ಕ ಜಾಗಕ್ಕೆ ಸೀಮಿತವಾದ ಬಿಸಿ.

'ಬಿಸಿ ವಿಷವನ್ನು ಕೊಲ್ಲುತ್ತದೆ' ಎಂಬ ಮಾತು ಪೆನ್ನುಗಳ ಜಾಹೀರಾತಿನಲ್ಲೂ ಊರಿನ ಜಗಲಿಯಲ್ಲೂ ಕೇಳುತ್ತದೆ. ಮೀನಿನ ಮುಳ್ಳಿನ ವಿಷದ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಅದನ್ನು ಮುಂದೆ ಹೇಳುತ್ತೇನೆ. ಜೇನಿನ ವಿಷಕ್ಕೆ ಇದು ಒಪ್ಪುವುದಿಲ್ಲ. ಅದರ ಒಣ ತೂಕದ ಅರ್ಧದಷ್ಟಿರುವ ಮೆಲಿಟ್ಟಿನ್ ಕೇವಲ 26 ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಚರ್ಮ ತಾಳುವ ಬಿಸಿಗೆಲ್ಲ ಅದು ಬಗ್ಗುವುದಿಲ್ಲ. ಹೀಗಾಗಿ ನೋವು ಇಳಿದ ಮಾತ್ರಕ್ಕೆ ವಿಷ ಹೋಯಿತು ಎಂದುಕೊಳ್ಳುವಂತಿಲ್ಲ. ಡೆಂಗಿ, ಮಲೇರಿಯಾ, ಚಿಕೂನ್‌ಗುನ್ಯಾ ಹೊತ್ತ ಸೊಳ್ಳೆ ಕಚ್ಚಿದರೆ ರೋಗಾಣು ಒಳಗೆ ಹೋಗಿಯೇ ಹೋಗಿರುತ್ತದೆ. ಲೋಟ ಒತ್ತಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ.

ಲೋಟ ಹುಡುಕುವ ಮೊದಲು ಮನುಷ್ಯನನ್ನು ನೋಡಿ

ಕುಟುಕಿಸಿಕೊಂಡವರ ಮುಖವನ್ನು ಮೊದಲು ನೋಡಬೇಕು, ಗಾಯವನ್ನಲ್ಲ. ತುಟಿ, ನಾಲಿಗೆ ಅಥವಾ ಕಣ್ಣುರೆಪ್ಪೆ ಊದಿದ್ದರೆ, ಕುಟುಕಿದ್ದು ಕಾಲಿಗಾದರೂ ಮೈಯೆಲ್ಲ ದದ್ದು ಎದ್ದಿದ್ದರೆ, ಉಸಿರಾಟದಲ್ಲಿ ಸಿಳ್ಳೆಯ ಸದ್ದಿದ್ದರೆ, ದನಿ ಕಟ್ಟಿದ್ದರೆ, ವಾಂತಿ, ತಲೆಸುತ್ತು, ಕಣ್ಣು ಕತ್ತಲೆ ಬಂದರೆ ಅದು ತೀವ್ರ ಅಲರ್ಜಿ. ಕಾವಿನ ಮಾತೇ ಬೇಡ. 108ಕ್ಕೆ ಕರೆ ಮಾಡಿ. ರೋಗಿಯನ್ನು ನಿಲ್ಲಿಸಬೇಡಿ, ನಡೆಸಬೇಡಿ. ಮಲಗಿಸಿ ಕಾಲುಗಳನ್ನು ಸ್ವಲ್ಪ ಎತ್ತರಿಸಿ. ಉಸಿರಾಟ ಕಷ್ಟವಾಗುತ್ತಿದ್ದರೆ ಒರಗಿಸಿ ಕೂರಿಸಬಹುದು. ಇದಕ್ಕೆ ಮದ್ದು ಅಡ್ರಿನಲಿನ್ ಚುಚ್ಚುಮದ್ದು, ಅದು ತಡವಿಲ್ಲದೆ ಆಗಬೇಕು. ಹಿಂದೊಮ್ಮೆ ಹೀಗಾದವರು 'ಹೋದ ಸಲ ತಾನಾಗಿ ಕಡಿಮೆಯಾಯಿತು' ಎಂದು ಕಾಯಬಾರದು.

ಬಾಯೊಳಗೆ ಅಥವಾ ಗಂಟಲಿಗೆ ಕುಟುಕಿದರೂ ನೇರ ಆಸ್ಪತ್ರೆ. ಎಳನೀರಿನ ಬುರುಡೆ, ಕಬ್ಬಿನ ಹಾಲಿನ ಲೋಟದಲ್ಲಿ ಕೂತ ಜೇನನ್ನು ನೋಡದೆ ಕುಡಿದವರಿಗೆ ಇದು ಆಗುವುದುಂಟು. ಹೆಜ್ಜೇನು ಎದ್ದು ಹತ್ತಾರು ಕಡೆ ಕುಟುಕಿದ್ದರೆ, ಆಗ ಆರಾಮವಾಗಿದ್ದೇನೆ ಅನ್ನಿಸಿದರೂ ವೈದ್ಯರಿಗೆ ತೋರಿಸಬೇಕು. ಅಷ್ಟು ವಿಷ ಮೂತ್ರಪಿಂಡಕ್ಕೆ ಪೆಟ್ಟು ಕೊಡುವುದು ಗಂಟೆಗಳ, ಕೆಲವೊಮ್ಮೆ ದಿನಗಳ ಮೇಲೆ.

ಯಾವ ಹುಳಕ್ಕೆ ಸಲ್ಲುತ್ತದೆ, ಯಾವುದಕ್ಕಿಲ್ಲ

ಸೊಳ್ಳೆ, ಚಿಗಟ, ತಿಗಣೆ, ನುಸಿ ಇವುಗಳ ತುರಿಕೆಗೆ ಕಾವು ಚೆನ್ನಾಗಿ ಹೊಂದುತ್ತದೆ. ಕೆಂಪಿರುವೆ, ಚಗಳಿ ಇರುವೆಗೂ ಆಗಬಹುದು. ಒಂಟಿ ಜೇನು, ಒಂಟಿ ಕಣಜದ ಕುಟುಕಿಗೆ ನನ್ನ ಅನುಭವದಲ್ಲಿ ಉರಿ ಅರ್ಧಕ್ಕಿಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಪ್ರಥಮ ಚಿಕಿತ್ಸೆಯ ಪುಸ್ತಕಗಳು ಜೇನು, ಕಣಜಕ್ಕೆ ಸಾಮಾನ್ಯವಾಗಿ ಹೇಳುವುದು ತಣ್ಣನೆಯ ಪಟ್ಟಿಯನ್ನು. ಅದು ತಪ್ಪಲ್ಲ. ಊತ ಹೆಚ್ಚಿದ್ದರೆ ನಾನೂ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡುತ್ತೇನೆ. ಉರಿ, ತುರಿಕೆಗೆ ಬಿಸಿ, ಊತಕ್ಕೆ ತಂಪು. ಇದು ನಾನು ಪಾಲಿಸುವ ಪಾಲು.

ಚೇಳಿಗೆ ಮಾತ್ರ ಈ ಲೆಕ್ಕ ಬೇಡವೇ ಬೇಡ. ಕೊಂಕಣದಿಂದ ಕರ್ನಾಟಕದವರೆಗೆ ಸಿಗುವ ಕೆಂಪು ಚೇಳು ಚಿಕ್ಕದು, ಬಡಕಲು. ನೋಡಿದರೆ ಭಯವೂ ಆಗದು. ಆದರೆ ಅದರ ವಿಷ ಹೃದಯಕ್ಕೆ ಏರುತ್ತದೆ. ವಿಪರೀತ ಬೆವರು, ವಾಂತಿ, ತಣ್ಣಗಾದ ಕೈಕಾಲು, ಏದುಸಿರು ಅದರ ಗುರುತುಗಳು. ಮಕ್ಕಳಲ್ಲಿ ಇದು ಬೇಗ ವಿಕೋಪಕ್ಕೆ ಹೋಗುತ್ತದೆ. ಮಹಾರಾಷ್ಟ್ರದ ಮಹಾಡ್‌ನಲ್ಲಿ ದುಡಿದ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಇದಕ್ಕೆ ಪ್ರಾಜೋಸಿನ್ ಎಂಬ, ರಕ್ತದೊತ್ತಡಕ್ಕೆ ಕೊಡುವ ಅಗ್ಗದ ಮಾತ್ರೆಯನ್ನು ಬಳಸಿ ಸಾವುಗಳನ್ನು ತಗ್ಗಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಾತ್ರೆ ಫಲ ಕೊಡುವುದು ಬೇಗ ಕೊಟ್ಟರೆ. ಹುಣಸೆ ಬೀಜ ಅಂಟಿಸಿಕೊಂಡು ಕೂತು ಆ ಹೊತ್ತನ್ನು ಕಳೆಯುವುದೇ ಇಲ್ಲಿನ ಅಪಾಯ. ಹಾವಿನ ಮಾತಂತೂ ಹೇಳುವುದೇ ಬೇಡ.

ಉಣುಗಿಗೂ ಬಿಸಿ ಮುಟ್ಟಿಸಬೇಡಿ. ಮಲೆನಾಡಿನಲ್ಲಿ ಬೆಂಕಿಕಡ್ಡಿ ಗೀರಿ ನಂದಿಸಿ, ಬಿಸಿ ತುದಿಯನ್ನು ಉಣುಗಿನ ಬೆನ್ನಿಗೆ ತಾಗಿಸುವ ಅಭ್ಯಾಸ ಹಲವರಿಗಿದೆ. ಕೆರಳಿದ ಉಣುಗು ತನ್ನ ಹೊಟ್ಟೆಯಲ್ಲಿದ್ದುದನ್ನೇ ಗಾಯಕ್ಕೆ ಕಕ್ಕಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ ಎಂಬುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಚೂಪು ತುದಿಯ ಚಿಮುಟದಿಂದ ಚರ್ಮಕ್ಕೆ ಅಂಟಿದಷ್ಟು ಹತ್ತಿರ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಸೋಪು ಹಾಕಿ ತೊಳೆಯಿರಿ. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಉಣುಗು ಕಚ್ಚಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.

ಮಳೆಗಾಲದಲ್ಲಿ ದೀಪಕ್ಕೆ ಬರುವ, ಇರುವೆಯಂತೆ ಉದ್ದ ಮೈಯ, ಕೆಂಪು ಕಪ್ಪು ಪಟ್ಟೆಯ ಒಂದು ಪುಟ್ಟ ಜೀರುಂಡೆಯಿದೆ. 'ಆಸಿಡ್ ಹುಳ' ಎಂದು ಕೆಲವರು ಕರೆಯುತ್ತಾರೆ. ಅದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಮೈಮೇಲೆ ಅಪ್ಪಚ್ಚಿಯಾದರೆ ಅದರ ರಸದಿಂದ ಮರುದಿನ ಸುಟ್ಟಂತೆ ಗೆರೆಗಟ್ಟಿ ಬೊಬ್ಬೆ ಏಳುತ್ತದೆ. ಸುಟ್ಟಂತಾದ ಚರ್ಮಕ್ಕೆ ಮತ್ತೆ ಬಿಸಿ ಹಾಕುವುದುಂಟೇ? ಹುಳವನ್ನು ಊದಿ ಓಡಿಸಿ, ತಾಗಿದ ಜಾಗವನ್ನು ಕೂಡಲೇ ಸೋಪುನೀರಿನಲ್ಲಿ ತೊಳೆದರೆ ಸಾಕು. ಕಂಬಳಿಹುಳು ತಾಗಿದ್ದರೆ ಮೊದಲ ಕೆಲಸ ಕೂದಲು ತೆಗೆಯುವುದು: ಉಜ್ಜದೆ, ಅಂಟು ಟೇಪನ್ನು ಮೇಲೆ ಒತ್ತಿ ಕೀಳುವುದು, ಹೊಸ ತುಂಡಿನಿಂದ ಮತ್ತೆ ನಾಲ್ಕೈದು ಸಲ. ಉಂಬಳ ಕಚ್ಚಿದ್ದಕ್ಕೆ ಏನೂ ಬೇಡ, ತೊಳೆದು ಒತ್ತಿ ಹಿಡಿಯಿರಿ.

ಕಾವು ಕೊಡಬಾರದವರು

ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡ. ಸಕ್ಕರೆ ಕಾಯಿಲೆಯಿಂದಲೋ ಕುಷ್ಠದಿಂದಲೋ ಪಾರ್ಶ್ವವಾಯುವಿನಿಂದಲೋ ಚರ್ಮದ ಸ್ಪರ್ಶ ಮಂದವಾಗಿರುವವರಿಗೆ ಬೇಡ. ಅವರಿಗೆ ಸುಡುವುದು ತಿಳಿಯುವುದೇ ಇಲ್ಲ, ತಿಳಿಯುವ ಹೊತ್ತಿಗೆ ಬೊಬ್ಬೆ ಎದ್ದಿರುತ್ತದೆ. ಹೀಗೆಯೇ 'ಬಿಸಿಯಾಗುತ್ತಿದೆ, ತೆಗೆಯಿರಿ' ಎಂದು ಹೇಳಲಾಗದ ವೃದ್ಧರಿಗೂ ನಿದ್ದೆಯಲ್ಲಿರುವವರಿಗೂ ಬೇಡ. ಕಣ್ಣಿನ ಸುತ್ತ, ತುಟಿ, ಗುಪ್ತಾಂಗ, ಕೆರೆದು ರಕ್ತ ಬಂದ ಜಾಗ, ಕೀವು ಕಟ್ಟಿದ ಜಾಗ ಬಿಟ್ಟುಬಿಡಿ.

ಇನ್ನೊಂದು ಮರೆಯುವ ಸಂಗತಿ: ಬಾಮ್. ಕುಟುಕಿದ ಕೂಡಲೇ ನೋವಿನ ಬಾಮ್ ಹಚ್ಚಿ, ಆಮೇಲೆ ಕಾವು ಕೊಟ್ಟರೆ ಎರಡೂ ಸೇರಿ ಉರಿ ಇಮ್ಮಡಿಯಾಗುತ್ತದೆ. ಸುಣ್ಣ ಹಚ್ಚಿದ್ದರೂ ಅಷ್ಟೆ. ಜೇನಿನ ವಿಷ ಆಮ್ಲ, ಸುಣ್ಣ ಕ್ಷಾರ, ಒಂದಕ್ಕೊಂದು ಸರಿಹೋಗುತ್ತದೆ ಎಂದು ಶಾಲೆಯಲ್ಲಿ ಕಲಿತೆವು. ಚುಚ್ಚಿದ ವಿಷ ಚರ್ಮದ ಒಳಗಿರುತ್ತದೆ, ಸುಣ್ಣ ಮೇಲೆಯೇ ಉಳಿದು ಮೇಲಿನದ್ದನ್ನೇ ಸುಡುತ್ತದೆ.

ಬೇಕಾದ ಸಾಮಾನು

ತಳ ಸಮತಟ್ಟಾಗಿರುವ ಸ್ಟೀಲ್ ಲೋಟ. ಹಲವು ಲೋಟಗಳ ತಳ ಒಳಕ್ಕೆ ತಗ್ಗಿರುತ್ತದೆ, ಅಂಚು ಮಾತ್ರ ತಾಗುತ್ತದೆ, ಅಂಥದ್ದು ಬೇಡ. ಚಿಕ್ಕ ಕಾಫಿ ಲೋಟ ಉತ್ತಮ, ದೊಡ್ಡದರಲ್ಲಿ ಬೇಡದ ಜಾಗವೆಲ್ಲ ಬಿಸಿಯಾಗುತ್ತದೆ. ಬೆರಳ ಸಂದಿಗೆ, ಕಿವಿಯ ಅಂಚಿಗೆ ಲೋಟ ಕೂರುವುದಿಲ್ಲ, ಅಲ್ಲಿಗೆ ದಪ್ಪನೆಯ ಸ್ಟೀಲ್ ಚಮಚ ಬೇಕು. ಜೊತೆಗೆ ಒಂದು ಪಾತ್ರೆ, ಒಣ ಬಟ್ಟೆ, ಮತ್ತು ಸಾಧ್ಯವಿದ್ದರೆ ಅಡುಗೆಗೆ ಬಳಸುವ, ಕಡ್ಡಿಯಂಥ ಥರ್ಮಾಮೀಟರ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಜ್ವರ ನೋಡುವ ಥರ್ಮಾಮೀಟರನ್ನು ಮಾತ್ರ ಬಿಸಿನೀರಿಗೆ ಅದ್ದಬೇಡಿ. ಅದರ ಅಳತೆ 42 ಡಿಗ್ರಿಯ ಆಸುಪಾಸಿನಲ್ಲೇ ಮುಗಿಯುತ್ತದೆ, ಹಳೆಯ ಗಾಜಿನದಾದರೆ ಒಡೆದು ಪಾದರಸ ಚೆಲ್ಲುತ್ತದೆ.

ನೀರಿನ ಬಿಸಿ 50ರಿಂದ 54 ಡಿಗ್ರಿಯೊಳಗಿರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಅಳತೆಯ ಮಿಶ್ರಣ ಹೀಗೆ: ಪಾತ್ರೆಗೆ ಮೊದಲು ಒಂದೂವರೆ ಲೋಟ ಕೊಡದ ನೀರು, ಅದರ ಮೇಲೆ ಒಂದು ಲೋಟ ಕುದಿಯುವ ನೀರು. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಕೊಡದ ನೀರು 25 ಡಿಗ್ರಿ ಇದ್ದರೆ ಲೆಕ್ಕಕ್ಕೆ 54 ಬರುತ್ತದೆ, ಪಾತ್ರೆ ಹೀರಿದ್ದು ಕಳೆದು 52ರ ಹತ್ತಿರ ನಿಲ್ಲುತ್ತದೆ. ಕರಾವಳಿಯ ಬೇಸಿಗೆಯಲ್ಲಿ ಕೊಡದ ನೀರೇ 30 ಡಿಗ್ರಿ ಇರುತ್ತದೆ. ಅಲ್ಲಿ ಒಂದಕ್ಕೆ ಎರಡು ಲೋಟ ಹಾಕಿ. ಬಿಸಿಲಿಗೆ ಕಾದ ಮೇಲ್ಛಾವಣಿಯ ಟ್ಯಾಂಕಿನ ನೀರನ್ನು ಈ ಲೆಕ್ಕಕ್ಕೆ ತರಬೇಡಿ, ಅದು ಎಷ್ಟು ಕಾದಿದೆಯೋ ಹೇಳಲಾಗದು.

ಈ ಅಂಕಿಗಳು ಯಾಕೆ ಮುಖ್ಯವೆಂದರೆ, ಚರ್ಮ ಸುಡುವುದು ಬಿಸಿ ಮತ್ತು ಹೊತ್ತು ಎರಡೂ ಸೇರಿ. ದೊಡ್ಡವರ ಚರ್ಮ 50 ಡಿಗ್ರಿಯನ್ನು ಕೆಲವು ನಿಮಿಷ ತಾಳುತ್ತದೆ. 55 ಡಿಗ್ರಿಯಲ್ಲಿ ಅರ್ಧ ನಿಮಿಷಕ್ಕೇ ಸುಡುತ್ತದೆ. 60 ಡಿಗ್ರಿಯಲ್ಲಿ ಸುಮಾರು ಐದು ಸೆಕೆಂಡು ಸಾಕು. 70ಕ್ಕೆ ಒಂದೇ ಸೆಕೆಂಡು. ಮಕ್ಕಳ ಚರ್ಮ ತೆಳು, ಅವರಿಗೆ ಇನ್ನೂ ಕಡಿಮೆ ಹೊತ್ತು. ಆಗತಾನೇ ಬೆರೆಸಿದ ಕಾಫಿ ಲೋಟವನ್ನು ಸೊಳ್ಳೆ ಕಚ್ಚಿದ ಜಾಗಕ್ಕೆ ಒತ್ತುವ ಚಪಲ ನನಗೂ ಬಂದದ್ದಿದೆ. ಒತ್ತಿದ್ದೂ ಇದೆ. ಮುಂಗೈ ಮೇಲೆ ಅರ್ಧಚಂದ್ರಾಕಾರದ ಕಲೆಯನ್ನು ಎರಡು ತಿಂಗಳು ಎಲ್ಲರಿಗೂ ವಿವರಿಸಬೇಕಾಯಿತು.

ಮಾಡುವ ಕ್ರಮ

1. ಜಾಗ ಬಿಟ್ಟು ಬನ್ನಿ. ಜೇನು ಕುಟುಕಿದಲ್ಲಿ ಬಾಳೆಹಣ್ಣಿನಂಥ ವಾಸನೆ ಬಂದರೆ ಅದು ಇತರ ಜೇನುಗಳಿಗೆ 'ಇಲ್ಲಿಗೆ ಬನ್ನಿ' ಎಂಬ ಕರೆ. ಅಲ್ಲೇ ನಿಂತು ಮುಳ್ಳು ಹುಡುಕಿದರೆ ಇನ್ನೂ ನಾಲ್ಕು ಬೀಳುತ್ತವೆ.

2. ಮುಳ್ಳು ತೆಗೆಯಿರಿ. ಜೇನು ಮಾತ್ರ ಮುಳ್ಳನ್ನು ವಿಷದ ಚೀಲದ ಸಮೇತ ಚರ್ಮದಲ್ಲಿ ಬಿಟ್ಟುಹೋಗುತ್ತದೆ. ಕಣಜ, ಕಡಜಗಳಲ್ಲಿ ಸಾಮಾನ್ಯವಾಗಿ ಹುಡುಕಬೇಕಾದ್ದಿಲ್ಲ. ಚೀಲ ತಾನಾಗಿಯೇ ಮಿಡಿಯುತ್ತ ವಿಷ ಇಳಿಸುತ್ತಿರುತ್ತದೆ, ಹೆಚ್ಚಿನ ಪಾಲು ಮೊದಲ 20 ಸೆಕೆಂಡುಗಳಲ್ಲೇ ಒಳಸೇರುತ್ತದೆ. ಉಗುರಿನಿಂದ ಹೆರೆಯಬೇಕೋ ಚಿವುಟಿ ಎಳೆಯಬೇಕೋ ಎಂಬ ಚರ್ಚೆ ಜೇನು ಸಾಕುವವರ ನಡುವೆ ಮುಗಿಯುವುದೇ ಇಲ್ಲ. ಯಾವುದಾದರೂ ಸರಿ, ಬೇಗ. ಎಟಿಎಂ ಕಾರ್ಡು ತರಲು ಒಳಗೆ ಓಡಬೇಡಿ.

3. ಉಂಗುರ, ಬಳೆ, ಕಾಲುಂಗುರ, ವಾಚು ಕಳಚಿ. ಬೆರಳು ಊದಿದ ಮೇಲೆ ಉಂಗುರ ಬರುವುದಿಲ್ಲ, ಅಕ್ಕಸಾಲಿಗನ ಕತ್ತರಿಯೇ ಬೇಕಾಗುತ್ತದೆ.

4. ಸೋಪು ಹಾಕಿ ತೊಳೆದು ಒರೆಸಿ. ಬಾಮ್, ಎಣ್ಣೆ ಏನಿದ್ದರೂ ಹೋಗಲಿ.

5. ನೀರು ಬೆರೆಸಿ, ಲೋಟದ ಮುಕ್ಕಾಲು ತುಂಬಿ, ಹೊರಗಿನ ತಳವನ್ನು ಒರೆಸಿ. ಹನಿ ನಿಂತಿರಬಾರದು.

6. ಮೊದಲು ನಿಮ್ಮ ಮುಂಗೈಯ ಒಳಭಾಗಕ್ಕೆ, ಮಣಿಕಟ್ಟಿನ ಹತ್ತಿರ, ಮೂರು ಸೆಕೆಂಡು ಮುಟ್ಟಿಸಿ ನೋಡಿ. ಬೆರಳಿನಲ್ಲಿ ನೋಡುವುದು ಬೇಡ. ದೋಸೆಯನ್ನು ಕೈಯಲ್ಲೇ ತಿರುವಿಹಾಕಿ ಬೆಳೆದ ಬೆರಳುಗಳಿಗೆ ಯಾವುದೂ ಬಿಸಿಯಲ್ಲ. ಮಣಿಕಟ್ಟಿಗೆ 'ಚುರುಕು, ಆದರೆ ತಾಳಬಹುದು' ಅನ್ನಿಸಬೇಕು. ತಟ್ಟನೆ ಕೈ ಹಿಂದಕ್ಕೆ ಬಂದರೆ ನೀರು ಹೆಚ್ಚು ಬಿಸಿ.

7. ಕುಟುಕಿದ ಜಾಗಕ್ಕೆ ಲೋಟದ ತಳವನ್ನು ಒತ್ತಿ, ಗಟ್ಟಿಯಾಗಿ ಎಣಿಸಿ. ದೊಡ್ಡವರಿಗೆ ಹತ್ತರವರೆಗೆ, ಮಕ್ಕಳಿಗೆ ಮೂರರವರೆಗೆ. ಪೆನ್ನಿನ ಬಿಲ್ಲೆಯನ್ನು ವಿದ್ಯುತ್ತು ಬಿಸಿಯಾಗಿಯೇ ಇಡುತ್ತದೆ, ಹಾಗಾಗಿ ಅದಕ್ಕೆ ಮೂರರಿಂದ ಆರು ಸೆಕೆಂಡು ಸಾಕು. ಲೋಟ ಹಾಗಲ್ಲ. ತಣ್ಣನೆಯ ಚರ್ಮ ತಾಗಿದ ಕೂಡಲೇ ತಳದ ನೀರು ತಣಿಯುತ್ತದೆ, ಚರ್ಮಕ್ಕೆ ಸಿಗುವ ಬಿಸಿ ನೀರಿನ ಬಿಸಿಗಿಂತ ಹಲವು ಡಿಗ್ರಿ ಕಡಿಮೆ. ಒತ್ತಿರುವಾಗ ಲೋಟದ ನೀರನ್ನು ಮೆಲ್ಲಗೆ ಕಲಕುತ್ತಿದ್ದರೆ ಕಾವು ಸಮನಾಗಿರುತ್ತದೆ. ಎಣಿಕೆ ಮುಗಿಯುವ ಮೊದಲೇ ತಾಳಲಾಗದಿದ್ದರೆ ತೆಗೆಯಿರಿ. ಇಲ್ಲಿ ಶೌರ್ಯಕ್ಕೆ ಬಹುಮಾನವಿಲ್ಲ.

8. ತೆಗೆದು ಎರಡು ನಿಮಿಷ ಬಿಡಿ. ಚರ್ಮ ಒಂದಿಷ್ಟು ಕೆಂಪಾಗುವುದು ಸಹಜ. ತುರಿಕೆ ಇಳಿಯಿತೇ ನೋಡಿ. ಇಳಿಯದಿದ್ದರೆ ಇನ್ನೊಮ್ಮೆ, ಮತ್ತೂ ಒಮ್ಮೆ. ಮೂರು ಸಲಕ್ಕೂ ಜಗ್ಗದಿದ್ದರೆ ಅವತ್ತಿಗೆ ಬಿಟ್ಟು ತಣ್ಣನೆಯ ಪಟ್ಟಿಗೆ ಹೋಗಿ. ನೀರನ್ನು ಇನ್ನಷ್ಟು ಬಿಸಿ ಮಾಡುವ ಯೋಚನೆ ಬರುವುದು ಇದೇ ಹೊತ್ತಿನಲ್ಲಿ, ಸುಡುವುದೂ ಇದೇ ಹೊತ್ತಿನಲ್ಲಿ.

ಬೇಗ ಮಾಡಿದಷ್ಟೂ ಒಳ್ಳೆಯದು. ಸೊಳ್ಳೆ ಕಚ್ಚಿ, ಕೆರೆದು ಕೆರೆದು ಗುಳ್ಳೆಯಾದ ಮೇಲೆ ಮುಟ್ಟಿಸಿದರೆ ಗಾಯಕ್ಕೆ ಬಿಸಿ ತಾಗಿ ಉರಿಯುವುದೇ ಹೆಚ್ಚು. ಚಿಕ್ಕ ಮಕ್ಕಳ ಕೈಯನ್ನು ಬಲವಂತವಾಗಿ ಹಿಡಿದು ಒತ್ತಬೇಡಿ. ಲೋಟವನ್ನು ನೀವು ಹಿಡಿದು, ಮಗುವೇ ತನ್ನ ಕೈಯನ್ನು ಅದಕ್ಕೆ ತಾಗಿಸುವಂತೆ ಮಾಡಿ. ಬೇಡವೆನಿಸಿದ ಕೂಡಲೇ ಕೈ ತೆಗೆಯುವ ಅವಕಾಶ ಮಗುವಿಗೇ ಇರುತ್ತದೆ. ನಮ್ಮ ಮನೆಯಲ್ಲಿ ಇದು ಒಂದು, ಎರಡು, ಮೂರು ಎಂದು ಕೂಗುವ ಆಟವಾಗಿದೆ. ಹುಣಸೆ ಬೀಜದ ಆಟಕ್ಕಿಂತ ವಾಸಿ.

ಚಮಚವಾದರೆ ಅದೇ 52 ಡಿಗ್ರಿಯ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿ, ತೆಗೆದು ಒರೆಸಿ, ಉಬ್ಬಿದ ಬೆನ್ನನ್ನು ಒತ್ತಿ. ಲೋಹ ಮೊದಲ ಕ್ಷಣದಲ್ಲಿ ಲೋಟಕ್ಕಿಂತ ಚುರುಕಾಗಿ ತಾಗಿ, ಬೇಗನೆ ಆರಿಬಿಡುತ್ತದೆ. ಐದು ಎಣಿಸುವಷ್ಟರಲ್ಲಿ ಕಾವು ಮುಗಿದಿರುತ್ತದೆ. ಚಮಚವನ್ನು ಗ್ಯಾಸ್ ಒಲೆಯ ಉರಿಗೆ ಹಿಡಿಯುವುದು, ನಾಣ್ಯವನ್ನು ಲೈಟರಿನಿಂದ ಕಾಯಿಸುವುದು, ಊದುಬತ್ತಿಯ ಕೆಂಡವನ್ನು ಹತ್ತಿರ ತರುವುದು, ಇಸ್ತ್ರಿಪೆಟ್ಟಿಗೆ ಇವೆಲ್ಲ ಕಾವಲ್ಲ, ಬರೆ. ಕೂದಲು ಒಣಗಿಸುವ ಯಂತ್ರದ ಗಾಳಿ ಎಷ್ಟು ಡಿಗ್ರಿ ಎಂದು ಅಳೆಯುವ ದಾರಿಯಿಲ್ಲ, ಸುತ್ತಲಿನ ಜಾಗವನ್ನೆಲ್ಲ ಅದು ಬಿಸಿ ಮಾಡುತ್ತದೆ. ನನಗೆ ಅದು ಇಷ್ಟವಿಲ್ಲ. ಹುಣಸೆ ಬೀಜವನ್ನೂ ಈ ಪಟ್ಟಿಗೇ ಸೇರಿಸುತ್ತೇನೆ. ಎಷ್ಟು ಕಾದಿದೆ ಎಂಬುದು ಉಜ್ಜಿದ ಕೈಯ ಬಲವನ್ನು ಅವಲಂಬಿಸಿದೆ, ಅಜ್ಜಿಗೆ ಆ ಅಂದಾಜಿತ್ತು.

ಪೆನ್ನು ಕೊಳ್ಳುವುದಾದರೆ ಒಂದು ಎಚ್ಚರ. 'ಟಿಕ್' ಎಂದು ಒತ್ತಿದಾಗ ಸಣ್ಣ ವಿದ್ಯುತ್ ಕಿಡಿ ಕೊಡುವ, ಗ್ಯಾಸ್ ಲೈಟರಿನ ತಮ್ಮನಂಥ ಸಾಧನಗಳೂ ಇದೇ ಹೆಸರಿನಲ್ಲಿ ಮಾರಾಟಕ್ಕಿವೆ. ಅವುಗಳಲ್ಲಿ ಬಿಸಿಯೇ ಇಲ್ಲ. ಬಿಸಿಯ ಪೆನ್ನಿನಲ್ಲಿ ಎಷ್ಟು ಡಿಗ್ರಿ, ಎಷ್ಟು ಸೆಕೆಂಡು ಎಂದು ಬರೆದಿರಬೇಕು, ತಾನಾಗಿ ಆರುವ ವ್ಯವಸ್ಥೆ ಇರಬೇಕು. ಇವೆರಡೂ ಇಲ್ಲದ ಅಗ್ಗದ್ದಕ್ಕಿಂತ ಲೋಟವೇ ಮೇಲು.

ಕಡಲ ಕಡೆಯವರಿಗೆ

ಕೀಟದ ಮಾತಿನಲ್ಲಿ ಮೀನು ಯಾಕೆಂದರೆ, ಬಿಸಿಯ ಚಿಕಿತ್ಸೆಗೆ ಅತ್ಯಂತ ಗಟ್ಟಿಯಾದ ಆಧಾರ ಇರುವುದು ಇಲ್ಲಿಯೇ. ತೊರಕೆಯ ಬಾಲದ ಮುಳ್ಳು, ಶೇಡೆಯ ರೆಕ್ಕೆಯ ಮುಳ್ಳು, ಕೆರೆಯ ಚೇಳುಮೀನು ಚುಚ್ಚಿದ ನೋವನ್ನು ಉಂಡವರೇ ಬಲ್ಲರು. ಈ ವಿಷಗಳಲ್ಲಿರುವುದು ದೊಡ್ಡ ಪ್ರೋಟೀನುಗಳು, ಅವು ಬಿಸಿಗೆ ಕೆಡುತ್ತವೆ. ಇಲ್ಲಿ ಲೋಟವಲ್ಲ, ಬಕೆಟ್ಟು ಬೇಕು. ಸುಮಾರು 45 ಡಿಗ್ರಿಯ ನೀರಿನಲ್ಲಿ ಕೈಯನ್ನೋ ಕಾಲನ್ನೋ 30ರಿಂದ 90 ನಿಮಿಷ ಮುಳುಗಿಸಿ ಕೂರಬೇಕು. ಕರಾವಳಿಯ ನೀರಿನಲ್ಲಿ ಕುದಿಯುವ ಒಂದು ಪಾಲಿಗೆ ಮೂರು ಪಾಲು ತಣ್ಣೀರು ಬೆರೆಸಿದರೆ ಸರಿಸುಮಾರು ಅಷ್ಟಾಗುತ್ತದೆ. ಚುಚ್ಚಿಸಿಕೊಂಡ ಕಾಲು ನೋವಿನಲ್ಲಿ ಬಿಸಿಯ ಅಂದಾಜನ್ನು ಕಳೆದುಕೊಂಡಿರುತ್ತದೆ, ಆದ್ದರಿಂದ ಇನ್ನೊಂದು ಕಾಲನ್ನು ಮೊದಲು ಇಳಿಸಿ ನೋಡಿ, ಎರಡನ್ನೂ ಒಟ್ಟಿಗೇ ಇಡಿ. ಬಿಸಿನೀರು ಸೇರಿಸುವಾಗ ಕಾಲು ಹೊರಗಿರಲಿ. ಮುಳ್ಳು ಮುರಿದು ಒಳಗೆ ಉಳಿಯುವುದು, ಗಾಯ ಕೀವಾಗುವುದು ಸಾಮಾನ್ಯ. ನೋವು ಇಳಿದರೂ ವೈದ್ಯರಿಗೆ ತೋರಿಸಿ, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಕೇಳಿ. ಎದೆ, ಹೊಟ್ಟೆಗೆ ಮುಳ್ಳು ಹೊಕ್ಕಿದ್ದರೆ ಕೀಳದೆ ಆಸ್ಪತ್ರೆಗೆ ಒಯ್ಯಿರಿ.

ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ದಂಡೆಗೆ ನೀಲಿ ಗಾಳಿಗುಳ್ಳೆಯಂಥ ಜೀವಿಯೊಂದು ಬಂದು ಬೀಳುತ್ತದೆ. ಬ್ಲೂಬಾಟಲ್ ಎಂದು ಹೆಸರು, ಲೋಳೆಮೀನಿನ ದೂರದ ನೆಂಟ. ಸತ್ತು ಮರಳಿನಲ್ಲಿ ಬಿದ್ದಿದ್ದರೂ ಅದರ ದಾರಗಳು ಕುಟುಕುತ್ತವೆ, ಮಕ್ಕಳು ಬಲೂನೆಂದು ಎತ್ತಿಕೊಳ್ಳುವುದೂ ಉಂಟು. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇದರಿಂದ ಕುಟುಕಿಸಿಕೊಂಡ 96 ಜನರಲ್ಲಿ ಕೆಲವರಿಗೆ 45 ಡಿಗ್ರಿಯ ಬಿಸಿನೀರು, ಉಳಿದವರಿಗೆ ಮಂಜುಗಡ್ಡೆ ಕೊಟ್ಟರು. 20 ನಿಮಿಷದ ಹೊತ್ತಿಗೆ ಬಿಸಿನೀರಿನವರಲ್ಲಿ 87 ಶೇಕಡಾ ಜನರಿಗೆ ನೋವು ಇಳಿದಿತ್ತು, ಮಂಜುಗಡ್ಡೆಯವರಲ್ಲಿ 33 ಶೇಕಡಾ. ಕ್ರಮ ಸರಳ: ದಾರಗಳನ್ನು ಕಿತ್ತು, ಸಮುದ್ರದ ನೀರಿನಲ್ಲಿ ತೊಳೆದು, ಆಮೇಲೆ 20 ನಿಮಿಷ ಬಿಸಿನೀರು. ಮರಳು ಹಾಕಿ ಉಜ್ಜಬೇಡಿ.

ಕೈ ತಪ್ಪಿದರೆ, ಮತ್ತು ಮರುದಿನ

ಕಾವು ಕೊಟ್ಟ ಜಾಗದ ಕೆಂಪು ಒಂದು ಗಂಟೆಯಾದರೂ ಆರದೆ ಉರಿಯುತ್ತಿದ್ದರೆ, ನೀರ್ಗುಳ್ಳೆ ಎದ್ದರೆ ಸುಟ್ಟಿತು ಎಂದರ್ಥ. ಸುಟ್ಟದ್ದು ಗೊತ್ತಾದ ಕೂಡಲೇ ಹರಿಯುವ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ಬೆಣ್ಣೆ ಯಾವುದೂ ಬೇಡ. ಗುಳ್ಳೆಯನ್ನು ಒಡೆಯಬೇಡಿ.

ಜೇನು, ಕಣಜ ಕುಟುಕಿದ ಊತ ಮರುದಿನ, ಕೆಲವರಿಗೆ ಎರಡನೆಯ ದಿನ ಗರಿಷ್ಠ ಮಟ್ಟಕ್ಕೆ ಹೋಗಿ ಆಮೇಲೆ ಇಳಿಯುತ್ತದೆ. ಅಂಗೈಗೆ ಕುಟುಕಿದರೆ ಮೊಣಕೈವರೆಗೆ ಊದಿ ಹೆದರಿಸುವುದೂ ಉಂಟು. ಆ ಊತಕ್ಕೆ ಕಾವು ಕೊಡಬೇಡಿ. ಕೈ ಎತ್ತರಿಸಿ ಇಟ್ಟು ತಣ್ಣನೆಯ ಪಟ್ಟಿ ಹಾಕಿ. ತುರಿಕೆ ನಿದ್ದೆ ಕೆಡಿಸುತ್ತಿದ್ದರೆ ಸೆಟಿರಿಜಿನ್‌ನಂಥ ಅಲರ್ಜಿ ಮಾತ್ರೆಯನ್ನು ವೈದ್ಯರನ್ನು ಕೇಳಿ ತೆಗೆದುಕೊಳ್ಳಬಹುದು. ಮೂರನೆಯ ದಿನಕ್ಕೂ ಊತ ಏರುತ್ತಲೇ ಇದ್ದರೆ, ಕೀವು, ಜ್ವರ, ಗಾಯದಿಂದ ಮೇಲಕ್ಕೆ ಹರಿದ ಕೆಂಪು ಗೆರೆ ಕಂಡರೆ ಸೋಂಕಾಗಿದೆ.

ಪೆಟ್ಟಿಗೆ ತೆರೆಯುವ ದಿನ ನಾನು ಹೊಗೆತಿದಿ, ಮುಸುಕಿನ ಟೋಪಿಯ ಜೊತೆಗೆ 53 ಡಿಗ್ರಿಯ ನೀರು ತುಂಬಿದ ಫ್ಲಾಸ್ಕನ್ನೂ ಒಂದು ಕಾಫಿ ಲೋಟವನ್ನೂ ಹಿತ್ತಿಲ ಕಟ್ಟೆಯ ಮೇಲೆ ಇಟ್ಟಿರುತ್ತೇನೆ. ಒಳ್ಳೆಯ ಫ್ಲಾಸ್ಕಿನಲ್ಲಿ ಒಂದು ಗಂಟೆಯಲ್ಲಿ ಎರಡು ಡಿಗ್ರಿಯೂ ಇಳಿಯುವುದಿಲ್ಲ. ಫ್ಲಾಸ್ಕಿನ ಮೇಲೆ 'ಕುಡಿಯಲು ಅಲ್ಲ' ಎಂದು ಚೀಟಿ ಅಂಟಿಸಿದ್ದೇನೆ. ಕಾಫಿ ಎಂದುಕೊಂಡು ಬಗ್ಗಿಸಿಕೊಂಡವರು ಈಗಾಗಲೇ ಇಬ್ಬರು.